ಎರಡೇ ಸುತ್ತು ಕೂತ ನಟ್ಟು

1961ನೇ ಇಸವಿ ಜನವರಿ 17, ಮಂಗಳವಾರ. ಸಂಜೆ ಆರು ಗಂಟೆ ಹತ್ತು ನಿಮಿಷಕ್ಕೆ ಹೊಂಗಡಹಳ್ಳದ ಕಾಫಿ ತೋಟದ ಮಾಲೀಕ ಆಂಥೋನಿ ಲೋಬೊ ಸಕಲೇಶಪುರ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿ ಬಂದರು. ಎಡಗೈ ಕುತ್ತಿಗೆಗೆ ಕಟ್ಟಿದ ಬಟ್ಟೆಯಲ್ಲಿ ತೂಗುತ್ತಿತ್ತು. ಹಿಂದೆಯೇ ಅವರ ಡ್ರೈವರ್ ಲಕ್ಕಯ್ಯನನ್ನು ಕಾನ್‌ಸ್ಟೇಬಲ್ ಭೂತಯ್ಯ ಹಿಡಿದು ತಂದ.

"ಎಲ್ಲಿ ಆಯ್ತು?" ಸಬ್ ಇನ್‌ಸ್ಪೆಕ್ಟರ್ ಲಿಂಗಪ್ಪ ಕೇಳಿದರು.

"ಮಾರನಹಳ್ಳಿ ತಿರುವಲ್ಲಿ. ಮಂಗಳೂರಿಂದ ಬರುವಾಗ, ನಾಲ್ಕೂವರೆಗೆ."

"ಸತ್ತದ್ದು ಯಾರು?"

"ನಮ್ಮ ತೋಟದ ಲೆಕ್ಕ ಬರೆಯುವ ರೈಟರ್, ಸಿದ್ದಯ್ಯ. ಮುಂದೆ ಕೂತಿದ್ದ. ಕಾರು ಮರಕ್ಕೆ ಬಡಿದದ್ದೇ ಅವನ ಕಡೆಯಿಂದ. ಹನ್ನೆರಡು ವರ್ಷ ನನ್ನೊಟ್ಟಿಗೆ ಇದ್ದವ, ಮಾರಾಯ್ರೆ."

"ಕಾರಣ?"

"ನಾನು ಹಿಂದೆ ಸ್ವಲ್ಪ ಕಣ್ಣು ಮುಚ್ಚಿದ್ದೆ. ಎಚ್ಚರಾಗುವಾಗ ಗಾಡಿ ರಸ್ತೆ ಬಿಟ್ಟಾಗಿತ್ತು. ಇವ ನಿದ್ದೆ ಮಾಡಿದ್ದು. ಬೇರೆಂತದು?"

"ಇಲ್ಲ ಸ್ವಾಮಿ!" ಲಕ್ಕಯ್ಯ ಕೂಗಿದ. "ಬಾನೆಟ್ಟಿಂದ ಹೊಗೆ ಎದ್ಬುಡ್ತು. ಗಾಜು ಪೂರ್ತಿ ಮುಚ್ಕೊಂಡ್ಬುಡ್ತು. ರಸ್ತೇನೆ ಕಾಣ್ಲಿಲ್ಲ."

"ಕೇಳಿದಾಗ ಮಾತಾಡು" ಎಂದರು ಲಿಂಗಪ್ಪ.

ಹೆಡ್ ಕಾನ್‌ಸ್ಟೇಬಲ್ ಚಲುವಯ್ಯ ದೂರು ಬರೆದುಕೊಂಡ. ಚಾಲಕನು ನಿದ್ದೆಗೆ ಜಾರಿ, ಅಜಾಗರೂಕತೆಯಿಂದ ವಾಹನ ಚಲಾಯಿಸಿ ಒಬ್ಬನ ಸಾವಿಗೆ ಕಾರಣನಾಗಿದ್ದಾನೆ, ಕಲಂ 304-ಎ. ಎಫ್‌ಐಆರ್ ಸಿದ್ಧವಾಯಿತು. ಅದು ಜಾಮೀನು ಸಿಗುವ ಕಲಮೇ. ಆದರೆ ಲಕ್ಕಯ್ಯನಿಗೆ ಜಾಮೀನು ನಿಲ್ಲಬಹುದಾಗಿದ್ದವರು ಧಣಿಯೊಬ್ಬರೇ, ಅವರೇ ದೂರುದಾರರು. ಲಕ್ಕಯ್ಯ ಲಾಕಪ್ಪಿಗೆ ಹೋದ.

ಚಲುವಯ್ಯ ಮೂವತ್ತು ದಾಟಿದ ಮೇಲೆ ಸಂಜೆ ಶಾಲೆಗೆ ಹೋಗಿ ಎಸ್‌ಎಸ್‌ಎಲ್‌ಸಿ ಮುಗಿಸಿದವನು. ಬರೆದದ್ದರಲ್ಲಿ ಕಾಗುಣಿತ ತಪ್ಪಿದರೆ ನಾಲ್ಕು ಜನ ನಗುತ್ತಾರೆಂಬ ಅಂಜಿಕೆ ಇನ್ನೂ ಹೋಗಿರಲಿಲ್ಲ. ಅಂದೂ ಎಫ್‌ಐಆರನ್ನು ಎರಡು ಸಲ ಓದಿದ, ಒಂದೂ ತಪ್ಪಿರಲಿಲ್ಲ. ಮನೆಗೆ ಹೋಗಿ ತಟ್ಟೆಯ ಮುಂದೆ ಕೂತಾಗ ಕೈ ಅನ್ನದ ಮೇಲೆಯೇ ನಿಂತಿತು. ಲೋಬೊ ಕಣ್ಣು ಮುಚ್ಚಿದ್ದರೆ, ಡ್ರೈವರ್ ಮಲಗಿದ್ದನ್ನು ನೋಡಿದವರು ಯಾರು? ಆ ಒಂದು ಪ್ರಶ್ನೆಯನ್ನು ತಾನು ಕೇಳಿಯೇ ಇರಲಿಲ್ಲ.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಮಾರನಹಳ್ಳಿಯಲ್ಲಿ ಪಂಚನಾಮೆ. ಪಂಚರು ಬರುವ ಮೊದಲೇ ಚಲುವಯ್ಯ ರಸ್ತೆಯುದ್ದಕ್ಕೂ ಬಗ್ಗಿಕೊಂಡು ಕೆಳಗಿಳಿಯತೊಡಗಿದ್ದ.

"ಏನ್ ಚಲುವಯ್ಯನೋರೆ," ಭೂತಯ್ಯ ಮೇಲಿನಿಂದ ಕೂಗಿದ, "ಎಣ್ಣೆ ತೊಟ್ಟು ಎಣಿಸ್ತಾ ಹೊಂಟ್ರಲ್ಲ, ತಲೆಗೆ ಹಚ್ಕೊಳ್ಳೋಕಾ?"

"ನಿನ್ ತಲೆಗೇ ಹಚ್ತೀನಿ, ಅಳತೆ ಟೇಪ್ ಹಿಡ್ಕೊಂಡ್ ಬಾ."

ತಿರುವಿಗೆ ಒಂದು ಫರ್ಲಾಂಗ್ ಕೆಳಗಿನಿಂದಲೇ ರಸ್ತೆಯ ಮೇಲೆ ಎಣ್ಣೆ ತೊಟ್ಟಿಕ್ಕಿತ್ತು. ತಿರುವಿನ ಹತ್ತಿರ ಬಂದಂತೆ ಅದು ಅಂಗೈ ಅಗಲದ ಕಪ್ಪು ಪಟ್ಟಿಯಾಗಿತ್ತು. ಲಿಂಗಪ್ಪ ಬಾನೆಟ್ ಎತ್ತಿಸಿದರು. ಹಳೇ ಅಮೆರಿಕನ್ ಕಾರು ಅದು. ಘಾಟಿ ಹತ್ತುವಾಗ ಎಂಜಿನ್ನಿನ ಎಣ್ಣೆ ಕಾದು ನೀರಾಗುತ್ತದೆಂದು ಲೋಬೊ ಮಿಲಿಟರಿ ಹರಾಜಿನಲ್ಲಿ ಕೊಂಡ ಆಯಿಲ್ ಕೂಲರನ್ನು ರೇಡಿಯೇಟರಿನ ಮುಂದೆ ಹಾಕಿಸಿದ್ದರು. ಎಂಜಿನ್ನಿನಿಂದ ಅದಕ್ಕೆ ಒಂದು ರಬ್ಬರ್ ಹೋಸು, ಅದರಿಂದ ಹಿಂದಕ್ಕೆ ಇನ್ನೊಂದು. ಮೊದಲನೆಯದರ ತುದಿ ಎಂಜಿನ್ನಿನ ಹಿತ್ತಾಳೆ ಮೂತಿಯಿಂದ ಕಳಚಿ ನಟ್ಟಿನ ಸಮೇತ ಜೋತಾಡುತ್ತಿತ್ತು. ಕೆಳಗೆ ಹೊಗೆ ಕೊಳವೆಯ ಮೇಲೆ ಎಣ್ಣೆ ಸುಟ್ಟು ಕರಿಗಟ್ಟಿತ್ತು.

ಚಲುವಯ್ಯ ಮೂತಿಯನ್ನು ಒರೆಸಿ ನೋಡಿದ. ಅದರ ಸುರುಳಿ ಗೆರೆಗಳಲ್ಲಿ ಮೊದಲ ಎರಡು ಮಾತ್ರ ಜಜ್ಜಿಹೋಗಿದ್ದವು, ಅವುಗಳ ಸಂದಿನಲ್ಲಿ ಬಿಳಿ ಪೇಂಟ್ ಹತ್ತಿದ ನೂಲಿನ ಎಳೆಗಳಿದ್ದವು. ಉಳಿದ ಗೆರೆಗಳು ಹೊಸದರಂತೆ ಹೊಳೆಯುತ್ತಿದ್ದವು.

"ಸಾರ್, ಈ ನಟ್ಟು ಎರಡೇ ಸುತ್ತು ಕೂತಿತ್ತು ಅಂತ ಕಾಣುತ್ತೆ. ನನಗೆ ತಿಳಿಯೋದು ಕಮ್ಮಿ, ಆದ್ರೂ..."

"ಮರಕ್ಕೆ ಬಡಿದ ಹೊಡೆತಕ್ಕೆ ಕಿತ್ತು ಬಂದಿರಬಹುದು."

"ಹಾಗಾದ್ರೆ ತಿರುವಿಗೆ ಮೊದಲೇ ಎಣ್ಣೆ ಬಿದ್ದದ್ದು ಹ್ಯಾಗೆ ಸಾರ್?"

ಲಿಂಗಪ್ಪ ತಾವೂ ಬಗ್ಗಿ ನೋಡಿದರು. "ಮೂತಿ, ನಟ್ಟು ಎರಡನ್ನೂ ಬಿಚ್ಚಿಸಿ ಜಪ್ತಿ ಮಾಡು" ಎಂದರು.

19ರ ಮಧ್ಯಾಹ್ನ ಹಾಸನದ ಮೋಟಾರು ವಾಹನ ಇನ್‌ಸ್ಪೆಕ್ಟರ ವರದಿ ಬಂತು. ಎಂಜಿನ್ನಿನ ಮೂತಿ ಅಮೆರಿಕನ್ ಅಳತೆಯದು, ಅಂಗುಲಕ್ಕೆ ಹದಿನೆಂಟು ಗೆರೆ. ಹೋಸಿನ ನಟ್ಟು ಇಂಗ್ಲಿಷ್ ಅಳತೆಯದು, ಅಂಗುಲಕ್ಕೆ ಹತ್ತೊಂಬತ್ತು. ದಪ್ಪ ಹೆಚ್ಚುಕಡಿಮೆ ಒಂದೇ ಆದ್ದರಿಂದ ಎರಡು ಸುತ್ತು ಹಿಡಿದು ಸಿಕ್ಕಿಕೊಳ್ಳುತ್ತದೆ, ಬಿಗಿಯಾಯಿತೆಂದು ತೋರುತ್ತದೆ. ಘಾಟಿ ಇಳಿಯುವಾಗ ಹೇಗೋ ತಡೆದ ಜೋಡಣೆ, ಹತ್ತುವಾಗ ಕಾದ ಎಣ್ಣೆಯ ಒತ್ತಡಕ್ಕೆ ಬಿಟ್ಟುಕೊಂಡಿದೆ. ಲಕ್ಕಯ್ಯ ಹೇಳಿದ ಹೊಗೆ ನಿಜ.

ಲಕ್ಕಯ್ಯ ಅಷ್ಟರಲ್ಲಿ ಸಬ್ ಜೈಲಿನಲ್ಲಿದ್ದ. ಚಲುವಯ್ಯ ಅಲ್ಲಿಗೆ ಹೋಗಿ ಕೇಳಿದ:

"ಊಟ ತಿಂಡಿ?"

"ಮಜೀದ್ ಉಸ್ತಾದರ ಅಳಿಯ ಹಬೀಬ್ ತಂದ್ಕೊಡ್ತಾನೆ ಸ್ವಾಮಿ, ಎರಡು ಹೊತ್ತೂ."

"ನಿಂಗೆ ಬಹಳ ಸ್ನೇಹವೋ?"

"ಅಂಥದ್ದೇನಿಲ್ಲ. ವರ್ಕ್‌ಶಾಪಲ್ಲಿ ಮುಖ ನೋಡಿ ಗೊತ್ತು, ಅಷ್ಟೆಯ."

20ರಂದು ಬೆಳಿಗ್ಗೆ ಹತ್ತೂವರೆಗೆ ಚಲುವಯ್ಯ ಅಬ್ದುಲ್ ಮಜೀದರ ವರ್ಕ್‌ಶಾಪಿಗೆ ಹೋದ. ಕೂಲರ್ ಕೂರಿಸಿದ್ದು ಅಲ್ಲಿಯೇ, 16ರ ಸಂಜೆ. ಸಕಲೇಶಪುರದಿಂದ ಆಲೂರಿನವರೆಗೆ ಅವರಿಗೆ ಉಸ್ತಾದ್ ಎನ್ನದ ಲಾರಿಯವನಿರಲಿಲ್ಲ. ಅಂಗಡಿಯ ಕಟ್ಟಳೆಯೂ ಎಲ್ಲರಿಗೆ ಗೊತ್ತಿದ್ದದ್ದೇ: ಆರಿಸುವುದು ಉಸ್ತಾದ್, ಬಿಗಿಯುವುದು ಹಬೀಬ್.

"ನಟ್ಟು ಹ್ಯಾಗೆ ಆರಿಸ್ತೀರಿ ಉಸ್ತಾದ್?"

"ಇದರಿಂದ." ಮಜೀದರು ಹೆಬ್ಬೆರಳೆತ್ತಿ ತೋರಿಸಿದರು. "ನಲವತ್ತು ವರ್ಷ ಆಯ್ತು ಸಾಹೇಬ್ರೆ. ಇಂಗ್ಲಿಷಿಂದು ಯಾವ್ದು, ಅಮೆರಿಕದ್ದು ಯಾವ್ದು, ಬೆಳ್ಳು ಸವರಿದ್ರೆ ಅದೇ ಹೇಳ್ತೈತೆ."

"ಲೋಬೊ ಅವರ ಕಾರಿಗೆ?"

"ನಾನೇ ಆರಿಸಿ ಕೊಟ್ಟೆ. ಅವ್ರೂ ಇಲ್ಲೇ ನಿಂತಿದ್ರಲ್ಲ, ಕೇಳಿ."

ಅಷ್ಟರಲ್ಲಿ ಒಬ್ಬ ಲಾರಿಯವನು ಆಯಿಲ್ ಪೈಪಿನ ನಟ್ಟು ಕೇಳಿ ಬಂದ. ಮಜೀದರು ಡಬ್ಬದಲ್ಲಿ ಕೈಯಾಡಿಸಿ, ಒಂದನ್ನು ಹೆಬ್ಬೆರಳಿಂದ ಸವರಿ, "ತಗೋ, ಇದು" ಎಂದು ಅಳಿಯನ ಕೈಗಿಟ್ಟರು. ಮೂವತ್ತೈದರ ಹಬೀಬ್ ತಲೆ ಬಗ್ಗಿಸಿ ಲಾರಿಯ ಮರೆಗೆ ಹೋದ. ಚಲುವಯ್ಯ ನಿಂತಲ್ಲಿಂದ ಲಾರಿಯ ಅಡಿಯಲ್ಲಿ ಅವನ ಕೈಗಳೂ ಸೊಂಟವೂ ಮಾತ್ರ ಕಾಣುತ್ತಿದ್ದವು. ಆ ಕೈ ಉಸ್ತಾದ್ ಕೊಟ್ಟ ನಟ್ಟನ್ನು ಎಡ ಜೇಬಿಗೆ ಬಿಟ್ಟಿತು. ಬಲ ಜೇಬಿನಿಂದ ಇನ್ನೊಂದನ್ನು ತೆಗೆಯಿತು. ಅದು ಸದ್ದಿಲ್ಲದೆ ಏಳೆಂಟು ಸುತ್ತು ಒಳಗೆ ಹೋಯಿತು.

"ಆಯ್ತು ಮಾಮು" ಎಂದು ಹಬೀಬ್ ಕೂಗಿದ.

"ಆಗ್ದೆ ಏನು? ಆರಿಸಿದ್ದು ಯಾರು!" ಮಜೀದರು ನಕ್ಕರು.

ಮಧ್ಯಾಹ್ನ ಲೋಬೊರನ್ನು ಕರೆಸಿ ಕೇಳಿದ್ದಾಯಿತು.

"ಹೌದು, ಪಕ್ಕದಲ್ಲೇ ನಿಂತಿದ್ದೆ" ಎಂದರು ಅವರು. "ಉಸ್ತಾದರೇ ಆರಿಸಬೇಕು, ನೀನು ಬಿಗಿ ಸಾಕು ಅಂತ ಅಳಿಯನಿಗೆ ಹೇಳಿದೆ ಸಹ. ಎಂತಕ್ಕೆ, ತಪ್ಪುಂಟಾ?"

ವರದಿಯ ಸಾರಾಂಶ ಕೇಳಿದ ಮೇಲೆ ಅವರು ತಮ್ಮ ಕಟ್ಟಿದ ಕೈಯನ್ನೇ ನೋಡುತ್ತ ಕೂತರು. "ಹಾಗಾದರೆ ಲಕ್ಕಯ್ಯ ನಿದ್ದೆ ಮಾಡಿದ್ದಲ್ಲ" ಎಂದರು.

ಸಂಜೆ ನಾಲ್ಕಕ್ಕೆ ಹಬೀಬ್ ಠಾಣೆಗೆ ಬಂದ. ಲಿಂಗಪ್ಪ ಚಲುವಯ್ಯನತ್ತ ಕೈ ಮಾಡಿದರು. ನೀನೇ ಕೇಳು ಎಂಬಂತೆ.

"ಉಸ್ತಾದ್ ಕೊಟ್ಟ ನಟ್ಟು ಎಷ್ಟು ದಿನದಿಂದ ಬದಲಾಯಿಸ್ತಿದೀಯ?"

ಹಬೀಬನ ಕೈ ಬಲ ಜೇಬಿಗೆ ಹೋಯಿತು. "ಹೋದ ಮಳೆಗಾಲದಿಂದ ಸಾರ್" ಎಂದ. "ಮಾಮು ಬೆಳ್ಳು ಜೋಮು ಹಿಡಿದೈತೆ. ಬಿಸಿ ತಾಗಿದ್ರೂ ಗೊತ್ತಾಗಲ್ಲ. ಅವರಿಗದು ತಿಳಿದಿಲ್ಲ."

"16ನೇ ತಾರೀಖು ಯಾಕೆ ಬದಲಾಯಿಸಲಿಲ್ಲ?"

"ಲೋಬೊ ಸಾಹೇಬ್ರು ತಲೆ ಮೇಲೇ ನಿಂತಿದ್ರು. ಅವರ ಎದುರಿಗೆ ಮಾಮೂಗೆ ಹ್ಯಾಗೆ ಹೇಳ್ಲಿ, ನೀವು ಕೊಟ್ಟಿದ್ದು ತಪ್ಪು ಅಂತ?"

"ತಪ್ಪು ಅಂತ ಗೊತ್ತಿತ್ತಾ?"

"ಗೊತ್ತಿತ್ತು ಸಾರ್. ಎರಡು ಸುತ್ತಿಗೇ ಹಿಡ್ಕೊಂಡ್ಬುಡ್ತು. ಎಣ್ಣೆ ಸೋರದ ಹಾಗೆ ನೂಲು ಸುತ್ತಿ, ಬಿಳಿ ಪೇಂಟ್ ಹಚ್ಚಿ ಬಿಗಿದೆ. ಬೆಳಿಗ್ಗೆ ಏನಾದ್ರೂ ನೆವ ಹೇಳಿ ಬದಲಾಯಿಸೋಣ ಅಂತ ಮೊದಲ್ನೇ ಬಸ್ಸಿಗೆ ಹೊಂಗಡಹಳ್ಳಕ್ಕೆ ಹೋದೆ. ಆರು ಗಂಟೆಗೇ ಮಂಗಳೂರಿಗೆ ಹೊಂಟೋಗ್ಬುಟ್ಟಿದ್ರು."

"ಲಕ್ಕಯ್ಯ ಒಳಗಿರೋದು ಗೊತ್ತಿದ್ದೂ ಮೂರು ದಿನ ಬಾಯಿ ಬಿಡಲಿಲ್ಲ."

"ದಿನಾ ಊಟ ತಗೊಂಡು ಹೋಗ್ತಿದ್ದೆ. ಇವತ್ತು ಹೇಳೋಣ, ಇವತ್ತು ಹೇಳೋಣ ಅಂತ." ಹಬೀಬ್ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. "ಆರಿಸಿದ್ದೂ ನಾನೇ ಅಂತ ಬರ್ಕೊಳ್ಳಿ ಸಾರ್. ತಬ್ಬಲಿಯಾಗಿದ್ದವನ ಕೈಗೆ ಸ್ಪ್ಯಾನರ್ ಕೊಟ್ಟು, ಮಗಳನ್ನೂ ಕೊಟ್ಟವರು. ಬೆಳ್ಳು ಸತ್ತೈತೆ ಅಂತ ಗೊತ್ತಾದ್ರೆ ಉಳಿಯಲ್ಲ ಅವ್ರು."

ಒಮ್ಮೆ ಹೇಳಿದ ಹಾಗೆಯೇ ಬರೆದು ಕೆಟ್ಟಿದ್ದೇನೆ ಎಂದುಕೊಂಡ ಚಲುವಯ್ಯ. ಈ ಸಲ ನಡೆದದ್ದನ್ನು ನಡೆದಂತೆಯೇ ಬರೆದ. ಐದು ಗಂಟೆ ನಲವತ್ತು ನಿಮಿಷಕ್ಕೆ ಹಬೀಬನ ದಸ್ತಗಿರಿಯಾಯಿತು. ಲಕ್ಕಯ್ಯನ ಬಿಡುಗಡೆಗೆ ಮ್ಯಾಜಿಸ್ಟ್ರೇಟರಿಗೆ ವರದಿ ಹೋಯಿತು. ಕೇಸ್ ಡೈರಿಯಲ್ಲಿ ಆರೋಪಿಯ ಉದ್ದೇಶದ ಬಗ್ಗೆ ಒಂದೇ ಸಾಲು ಬಿತ್ತು: ದ್ವೇಷವಿಲ್ಲ, ಲಾಭವಿಲ್ಲ, ಹಿರಿಯರನ್ನು ಪರರೆದುರು ತಿದ್ದಲು ಬಾಯಿ ಬರಲಿಲ್ಲ.

ಆ ಶಾಯಿ ಆರುವಷ್ಟರಲ್ಲಿ ಮಜೀದರು ಬಂದರು. ಲಾಕಪ್ಪಿನ ಸರಳಿನ ಹಿಂದೆ ಅಳಿಯನನ್ನು ಕಂಡು ನಿಂತುಬಿಟ್ಟರು.

"ಏನೋ ಮಾಡ್ದೆ?"

"ನಟ್ಟು ಸಡಿಲ ಬಿಟ್ಟೆ ಮಾಮು. ನನ್ನದೇ ತಪ್ಪು."

"ಇಪ್ಪತ್ತೈದು ವರ್ಷ ಕಲಿಸಿದ್ದೀನಿ, ಬಿಗಿಯೋದೂ ಬರಲ್ವೇನೋ ನಿಂಗೆ! ಒಂದು ಜೀವ ಹೋಗ್ಬುಡ್ತಲ್ಲೋ!" ಮಜೀದರು ಕಣ್ಣೊರೆಸಿಕೊಂಡು ಚಲುವಯ್ಯನ ಕಡೆ ತಿರುಗಿದರು. "ಕಾನೂನು ಏನೈತೋ ಮಾಡಿ ಸಾಹೇಬ್ರೆ. ನಾನು ಬರ್ತೀನಿ. ಬೆಳಿಗ್ಗೆ ಏಳಕ್ಕೆ ಹೆಗ್ಗದ್ದೆ ಬಸ್ಸು ಬರ್ತೈತೆ, ಬ್ರೇಕ್ ಪೈಪ್ ಹಾಕ್ಬೇಕು. ಬಿಗಿಯೋಕೆ ಯಾರಾದ್ರೂ ಸಿಕ್ತಾರೆ. ಆರಿಸೋನು ನಾನಿದ್ದೀನಲ್ಲ."

ಸರಳಿನ ಹಿಂದೆ ಹಬೀಬ್ ಚಲುವಯ್ಯನನ್ನೇ ನೋಡುತ್ತ ಬೇಡ, ಬೇಡ ಎಂದು ತಲೆಯಾಡಿಸಿದ.

ಚಲುವಯ್ಯನಿಗೂ ಸುಮ್ಮನಿರಬೇಕೆನ್ನಿಸಿತು. ಮುದುಕರು ಬಾಗಿಲವರೆಗೆ ಹೋಗಿದ್ದರು.

"ಉಸ್ತಾದ್," ಎಂದ. "ಸ್ವಲ್ಪ ಕೂತ್ಕೊಳ್ಳಿ."

ಜಪ್ತಿ ಮಾಡಿದ್ದ ಮೂತಿಯನ್ನೂ ನಟ್ಟನ್ನೂ ತಂದು ಅವರ ಎರಡು ಕೈಗಿಟ್ಟ.

"ಲೋಬೊ ಅವರ ಕಾರಿಗೆ ನೀವು ಆರಿಸಿದ್ದು ಇದೇ. ನೀವೇ ಹಾಕಿ. ಸುತ್ತು ಎಷ್ಟಾಯ್ತು ಅಂತ ಬಾಯಲ್ಲಿ ಎಣಿಸಿ."

"ಇದೇನು ಮಕ್ಕಳಾಟ ಸಾಹೇಬ್ರೆ?" ಮಜೀದರು ನಟ್ಟನ್ನು ತಿರುಗಿಸತೊಡಗಿದರು. "ಒಂದು. ಎರಡು."

ನಟ್ಟು ಅಲ್ಲಿಗೇ ಸಿಕ್ಕಿಕೊಂಡಿತು. ಮೂರು ಎನ್ನಲು ತೆರೆದ ಬಾಯಿ ಹಾಗೆಯೇ ನಿಂತಿತು.