ನುಯಿಯ ಕೈ ತಪ್ಪಿದ ಏಟು

ಜಪಾನಿನ ಎದೋ ಪಟ್ಟಣದ ಕಾಂದಾ ಬೀದಿಯಲ್ಲಿ ಲೋಹದ ಕೆತ್ತನೆ ಮಾಡುತ್ತಿದ್ದ ಕಿಸಾಬುರೋ, ಮೋಚಿ ಎಂಬ ಹೂರಣ ತುಂಬಿದ ಅಕ್ಕಿಯ ಸಿಹಿ ಕಟ್ಟಿಸಿಕೊಂಡು ಮುದುಕ ಮೊಹೆಯ ಮನೆಗೆ ಹೋಗಿದ್ದು ನಮಸ್ಕಾರ ಮಾಡಿಬರಲೆಂದೇ.

ಹಿಂದಿನ ದಿನ ಕತ್ತಿಯ ಸಾಮಾನಿನ ಅಂಗಡಿಯಲ್ಲಿ, ಮೊಹೆಯ ಕೈಕೆಲಸವೆಂದು ತೋರಿಸಿದ ಒಂದು ತ್ಸುಬಾವನ್ನು ಅವನು ನೋಡಿದ್ದ. ಕತ್ತಿಯ ಅಲಗಿಗೂ ಹಿಡಿಗೂ ನಡುವೆ ಕೂರುವ, ಅಂಗೈಯಗಲದ ಬಿಲ್ಲೆ. ಅದರ ಕಪ್ಪು ಮೈತುಂಬ ಮೀನಿನ ಮೊಟ್ಟೆಯಂಥ ಕಾಳುಗಳು, ಒಂದೊಂದನ್ನೂ ಉಳಿಯ ಒಂದೊಂದೇ ಏಟಿಗೆ ಎಬ್ಬಿಸಿದ್ದು. ಒಂದು ಸಾಲೂ ಸೊಟ್ಟಗಿರಲಿಲ್ಲ. ಬಿಲ್ಲೆಯನ್ನು ತುಸು ವಾಲಿಸಿದಾಗ ಬೆಳಕು ಕತ್ತಲ ನೀರಿನ ಮೇಲೆ ಸರಿದಂತೆ ಸರಿಯಿತು. ಅವನಿಗೆ ಉಸಿರು ಬಿಡುವುದೇ ಮರೆತುಹೋಯಿತು.

ಮೊಹೆಯ ಮುಂದೆ ಹಣೆ ಚಾಪೆಗೆ ತಾಗುವಂತೆ ಬಾಗಿ, ಆ ಕೈಗಳನ್ನು ಒಮ್ಮೆ ನೋಡಲು ಬಂದೆನೆಂದ. ತೆರೆಯ ಹಿಂದೆ ಯಾರೋ ಕಿಸಕ್ಕನೆ ನಕ್ಕರು.

"ನನ್ನ ಕಣ್ಣಿಗೆ ಪೊರೆ ಬಂದು ಎಷ್ಟೋ ಕಾಲ ಆಯ್ತಪ್ಪ," ಎಂದರು ಮೊಹೆ. "ನೀನು ಹೊಗಳ್ತಿರೋ ಕೈ ಅಲ್ಲಿ ನಗ್ತಾ ಕೂತಿದೆ. ಹೊರಗೆ ಬಾಯಿ ಬಿಡಬೇಡ. ಹೆಣ್ಣು ಮಾಡಿದ್ದು ಅಂದ್ರೆ ಅಂಗಡಿಯವರು ಕೆಲಸ ಕೊಡಲ್ಲ."

ನಕ್ಕವಳು ಅವರ ಮಗಳು ನುಯಿ.

ಕಿಸಾಬುರೋ ಗುಟ್ಟು ಕಾಪಾಡಿದ. ಆದರೆ ಅಂದಿನಿಂದ ತಾನು ಕೆತ್ತಿದ ಬಿಲ್ಲೆಗಳನ್ನು ಕಾಳು ಎಬ್ಬಿಸಲು ಅಂಗಡಿಯ ಮೂಲಕ ಕಳಿಸದೆ ತಾನೇ ತರತೊಡಗಿದ. ಕೊಟ್ಟ ಮೇಲೂ ಏಳುತ್ತಿರಲಿಲ್ಲ. ಅವಳ ಉಳಿ ಕೂದಲೆಳೆಯಷ್ಟು ಸರಿಯುವುದು, ಸುತ್ತಿಗೆ ತೂಕವೇ ಇಲ್ಲದಂತೆ ಇಳಿಯುವುದು, ಕೆನ್ನೆಗೆ ಬಿದ್ದ ಕೂದಲನ್ನು ಅವಳು ಊದಿ ಹಾರಿಸುವುದು, ಎಲ್ಲವನ್ನೂ ದೇವರ ಮುಂದೆ ಕೂತವನಂತೆ ನೋಡುತ್ತಿದ್ದ. ಅವಳು ತಲೆಯೆತ್ತಿದರೆ ಕಿಟಕಿಯ ಕಡೆ ತಿರುಗುತ್ತಿದ್ದ.

ಒಬ್ಬ ಪ್ರಭುವಿಗಾಗಿ ಅವನು ಬಾತುಗಳು ಹಾರುವ ಬಿಲ್ಲೆ ಕೆತ್ತಿ ತಂದ ದಿನ, ಅವಳು ಕಣ್ಣೆತ್ತಿದಾಗ ಅವನು ತಿರುಗಲಿಲ್ಲ. ಏಟು ತಪ್ಪಿತು. ಬಾತಿನ ರೆಕ್ಕೆಯ ಕೆಳಗೆ ಒಂದು ಕಾಳು ಸೀಳಿಹೋಯಿತು.

"ನೋಡಿ, ಏನ್ ಮಾಡಿಸಿದ್ರಿ."

"ನಾನೇನ್ ಮಾಡ್ದೆ?"

"ನೋಡ್ತಾ ಕೂತಿದ್ರಲ್ಲ."

"ಹಾಗಾದ್ರೆ ಇನ್ಮೇಲೆ ನೋಡಲ್ಲ."

"ಹಾಗಂತ ನಾನೇನೂ ಹೇಳ್ಲಿಲ್ಲ," ಎಂದಳು ನುಯಿ. ಅವಳ ಕಿವಿ ಕೆಂಪಗಾಗಿತ್ತು. ಮರುಕ್ಷಣ ಕಣ್ಣು ತುಂಬಿತು. ಬಿಲ್ಲೆ ತಿರಸ್ಕೃತವಾದರೆ ಅಂಗಡಿಯವರು ಇದು ಯಾರ ಕೈಯೆಂದು ಹುಡುಕಿಕೊಂಡು ಬರುವುದು ಖಂಡಿತವಾಗಿತ್ತು.

ಕಿಸಾಬುರೋ ಬಿಲ್ಲೆಯನ್ನು ಮನೆಗೊಯ್ದ. ಸೀಳಿದ ಕಾಳಿನ ಮೇಲೆ ಕೂದಲಿನಷ್ಟು ತೆಳುವಾದ ಗೀರು ಕೊರೆದು, ಅದರೊಳಗೆ ಚಿನ್ನದ ಎಳೆ ಬಡಿದು ಕೂರಿಸಿದ. ಗಾಳಿಗೆ ಬಾಗಿದ ಒಂದೇ ಒಂದು ಜೊಂಡು. ತಂದು ತೋರಿಸಿದಾಗ ನುಯಿ ಅದರತ್ತ ಬಾಗಿದಳು. ಅಂಥದ್ದನ್ನು ಮುಟ್ಟಬಹುದೇ ಎಂಬ ಅನುಮಾನದಲ್ಲಿ ಅವಳ ಬೆರಳು ತಾಗದೆ ಅದರ ಮೇಲೆಯೇ ನಿಂತಿತ್ತು.

ಮೊಹೆ ಬಿಲ್ಲೆ ಇಸಿದುಕೊಂಡು ಹೆಬ್ಬೆರಳಾಡಿಸಿದರು.

"ಜೊಂಡು ಇಲ್ಲದಿದ್ರೆ ಈ ಬಾತುಗಳಿಗೆ ಇಳಿಯೋಕೆ ಜಾಗಾನೇ ಇರ್ತಿರ್ಲಿಲ್ಲ. ಪ್ರಭುಗಳು ಮೆಚ್ತಾರೆ. ಆದ್ರೆ ನನ್ನ ಮಗಳ ಕೈ ಯಾವತ್ತೂ ತಪ್ಪಿದ್ದಿಲ್ಲ."

"ತಪ್ಪು ನಂದು, ಯಜಮಾನ್ರೇ," ಎಂದ ಕಿಸಾಬುರೋ. "ಆ ಕೈನ ಬದುಕಿರೋವರೆಗೂ ನೋಡ್ತಾ ಇರ್ಬೇಕು ಅನ್ಸುತ್ತೆ. ಅಪ್ಪಣೆ ಕೊಡಿ."

ಕೇಳಬೇಕಾದ್ದು ತನ್ನನ್ನಲ್ಲ ಎಂದು ಮೊಹೆ ಮಗಳ ಕಡೆ ಮುಖ ತಿರುಗಿಸಿದರು.

ನುಯಿ ಸುತ್ತಿಗೆ ಕೈಗೆತ್ತಿಕೊಂಡಳು. "ಎದುರಿಗೆ ಕೂರ್ಬೇಡಿ, ಬೆಳಕಿಗೆ ಅಡ್ಡ ಆಗ್ತೀರ," ಎಂದಳು. "ಇಲ್ಲಿ, ಪಕ್ಕದಲ್ಲಿ ಬನ್ನಿ."