ಗುಹೆಗೆ ಕಟ್ಟಿದ ಗಂಟಲು

ಅಪ್ಪನ ದನಿ ಬಿದ್ದುಹೋಗಿ ವರ್ಷವಾಗಿತ್ತು. ನಮ್ಮ ಕ್ರೀಟ್ ದ್ವೀಪದಲ್ಲಿ ಯಾವ ಅಂಗ ಕೆಟ್ಟಿದೆಯೋ ಅದರ ತಗಡಿನ ಆಕೃತಿಯನ್ನು ಗುಹೆಯ ಸಂತನ ಮುಂದೆ ಕಟ್ಟಿ, ಬಾಯಿ ಬಿಡದೆ ಬೇಡಿಕೊಳ್ಳಬೇಕು. ನನ್ನ ಜೊತೆ ಗುಹೆಗೆ ಬಂದ ಅಮ್ಮ ತಗಡಿನ ಗಂಟಲು ಕಟ್ಟಿದಳು. ಮಿಮಿಕ್ರಿ ಚಟದ ನನಗೆ ಸುಮ್ಮನಿರಲಾಗಲಿಲ್ಲ. ಅವಳನ್ನು ನಗಿಸಲೆಂದು ಥೇಟ್ ಅಪ್ಪನ ದನಿಯಲ್ಲಿ, "ಮೆಲ್ಪೋ, ಕಾಫಿ ಕಾಸ್ತಿದ್ದೀಯೋ, ಗಿಡ ನೆಟ್ಟು ಕಾಯ್ತಿದ್ದೀಯೋ?" ಎಂದೆ.

ಅಮ್ಮ ನಗಲಿಲ್ಲ. "ಇಲ್ಲಿ ಬೇಡ ಕಣೋ, ಯಾರಾದ್ರೂ ಕೇಳಿಸ್ಕೊಂಡಾರು," ಎಂದು ಪಿಸುಗುಟ್ಟಿದಳು. ಸೀನಿದರೂ ಮರುದನಿ ಕೊಡುವ ಗುಹೆ ನನ್ನ ಆ ಮಾತನ್ನು ಮಾತ್ರ ಹಿಂದಿರುಗಿಸಲಿಲ್ಲ. ತಣ್ಣನೆಯ ಗಾಳಿ, ಯಾರೋ ಉಸಿರೆಳೆದುಕೊಂಡಂತೆ, ಆಳಕ್ಕೆ ಸರಿಯಿತು.

ನಾವು ಮನೆ ಹೊಕ್ಕಾಗ ಅಪ್ಪ ಅಮ್ಮನನ್ನು "ಮೆಲ್ಪೋ" ಎಂದು ಹೆಸರು ಹಿಡಿದು ಕರೆದ. ಊರೆಲ್ಲ ಸಂತನ ಪವಾಡ ಎಂದಿತು. ಈಗ ಅವನು ದಿನವಿಡೀ ಮಾತಾಡುತ್ತಾನೆ. ಆದರೆ ತುಟಿ ಮುಚ್ಚಿದ ಮೇಲೆ ದನಿ ಬರುತ್ತದೆ, ಗುಹೆಯ ಮರುದನಿಯ ಹಾಗೆ. ಅಷ್ಟು ಹೊತ್ತಿಗೆ ಅಮ್ಮ, ಅದನ್ನು ನೋಡಬಾರದೆಂಬಂತೆ, ಒಲೆಯ ಕಡೆ ತಿರುಗಿರುತ್ತಾಳೆ.