ರಿಪೋರ್ಟಿನ ಕೊನೆಯ ಸಾಲು

ಬಸ್ಸು ಇನ್ನೂ ಪೂರ್ತಿ ನಿಂತಿರಲಿಲ್ಲ, ಒಂಬತ್ತನೇ ಕ್ಲಾಸಿನ ಮೂವತ್ತೆಂಟು ಮಕ್ಕಳೂ ಕಿಟಕಿಗೆ ಮೂಗೊತ್ತಿ ಹಿಮ ನೋಡುತ್ತಿದ್ದರು. ಅವರ ಜೊತೆ ಬಂದ ಸೈನ್ಸ್ ಮಿಸ್ ಮಾತ್ರ ಹಿಮದ ಕಡೆ ಕಣ್ಣು ಹಾಯಿಸಲಿಲ್ಲ. ಹಿಮಕ್ಕೇನು, ಕರಗೋವರೆಗೂ ಬಿದ್ದಲ್ಲೇ ಬಿದ್ದಿರುತ್ತೆ. ಅವಳ ಕಣ್ಣು ಹುಡುಕುತ್ತಿದ್ದದ್ದು ಒಂದು ಕೆಂಪು ಟೋಪಿಯನ್ನು.

ಸಿಕ್ಕಿತು. ಶಿಬಿರದ ಬೂಟಿನ ಕೋಣೆಯ ಬಾಗಿಲಲ್ಲಿ, ಹೆಗಲಿಗೆ ಹಗ್ಗದ ಸುರುಳಿ ಹಾಕಿಕೊಂಡು ನಿಂತಿದ್ದ. ಹಿಮದಲ್ಲಿ ನಡೆಯೋದು, ಗಂಟು ಹಾಕೋದು, ಹೆಪ್ಪುಗಟ್ಟಿದ ಕೆರೆಯನ್ನು ಹಗ್ಗ ಹಿಡಿದು ದಾಟೋದು, ಇದನ್ನೆಲ್ಲ ಮಕ್ಕಳಿಗೆ ಕಲಿಸುವವನು ಅವನೇ. ಮಕ್ಕಳು ಅವನಿಗೆ ಇಟ್ಟ ಹೆಸರು ಗಂಟು ಮಾಸ್ತರ್.

ಅವಳು ಮೆಟ್ಟಿಲಿಳಿಯುವಾಗ ಅವನು ಮುಂದೆ ಬಂದು ಬ್ಯಾಗು ಇಸಿದುಕೊಂಡ. ಕತ್ತಿನ ಹತ್ತಿರ ಇಣುಕುತ್ತಿದ್ದ ಬಣ್ಣಗಳನ್ನು ಒಂದೊಂದಾಗಿ ನೋಡಿದ, ನಗು ತಡೆದುಕೊಂಡ.

"ಈ ಸಲ ಮೂರು ಸ್ವೆಟರಾ, ನಾಲ್ಕಾ ಮೇಡಂ?"

"ನಿಮಗ್ಯಾಕ್ರೀ ಆ ಉಸಾಬರಿ?" ಅಂದಳು. ಕೆನ್ನೆ ಮಾತ್ರ ಬಿಸಿಯಾಯಿತು, ಅಷ್ಟು ಚಳಿಯಲ್ಲೂ.

ಜನರ ಮುಂದೆ ನೀವು, ಇಬ್ಬರೇ ಇದ್ದಾಗ ನೀನು. ಈ ಕಳ್ಳಾಟಕ್ಕೆ ಎರಡು ವರ್ಷ ತುಂಬಿತ್ತು. ಮೊದಲನೇ ಚಳಿಗಾಲ ಪರಿಚಯ, ಎರಡನೆಯದರಲ್ಲಿ ಸಲಿಗೆ, ನಡುವೆ ವರ್ಷವಿಡೀ ಫೋನು. ಕಳೆದ ಸಲ ಬಸ್ಸು ಹೊರಡುವ ಮೊದಲು, ಅವಳ ಕೈಗವಸು ಸರಿಮಾಡುವ ನೆಪದಲ್ಲಿ ಕೈ ಹಿಡಿದು, ತನ್ನ ಜೊತೆ ಬಾಳುತ್ತೀಯಾ ಅಂತ ಕೇಳಿಯೇ ಬಿಟ್ಟಿದ್ದ. ಉತ್ತರ ಫೋನಿನಲ್ಲಿ ಬೇಡ, ಮುಂದಿನ ಚಳಿಗಾಲಕ್ಕೆ ಬಂದು ಎದುರು ನಿಂತು ಹೇಳು ಅಂದಿದ್ದ.

ಪುಣ್ಯಾತ್ಗಿತ್ತಿಗೆ ಯೋಚಿಸೋಕೆ ಒಂದು ವರ್ಷ ಬೇಕಾಗಿರಲಿಲ್ಲ, ಬಸ್ಸು ಮೊದಲ ತಿರುವು ದಾಟುವ ಹೊತ್ತಿಗೇ ಮನಸ್ಸು ಹೂಂ ಅಂದಾಗಿತ್ತು. ಗುಟ್ಟು ಗೊತ್ತಿದ್ದದ್ದು ಅಕ್ಕನಿಗೊಬ್ಬಳಿಗೆ. ಈ ಸಲ ಬರುವಾಗ ಬರೀ ನೆಗಡಿ ತರಬೇಡ, ಮದುವೆ ಸಮಾಚಾರವನ್ನೂ ತಾ ಅಂತ ಆಕೆ ರೇಗಿಸಿ ಕಳಿಸಿದ್ದಳು.

ಖುಷಿಯಲ್ಲಿ ಒಂದೇ ಒಂದು ಮುಳ್ಳಿತ್ತು. ಎರಡು ವರ್ಷ ಶಿಬಿರದ ಪೂರ್ತಿ ಜವಾಬ್ದಾರಿ ಅವಳದ್ದೇ ಆಗಿತ್ತು. ಈ ವರ್ಷ ಹೆಡ್ ಮೇಡಂ ಅದನ್ನು ಕಿತ್ತು ಪಿಟಿ ಸರ್ ಕೈಗೆ ಕೊಟ್ಟಿದ್ದರು. ಹೆಣ್ಣುಮಕ್ಕಳ ಜೊತೆ ಒಬ್ಬ ಲೇಡಿ ಟೀಚರ್ ಇರಲೇಬೇಕಲ್ಲ, ಅದಕ್ಕೆ ಅವಳು. ಕಾರಣ ಕೇಳಿದರೆ ಹೆಡ್ ಮೇಡಂ, ನಿಮಗೆ ಗೊತ್ತಿರೋದೇ ಅಲ್ವಾ ಅಂದು ಫೈಲಿನೊಳಗೆ ತಲೆ ಹಾಕಿದ್ದರು. ಲ್ಯಾಬಿನ ಕಿಟಕಿ ರಿಪೇರಿಗೆ ತಾನು ಜಗಳ ಆಡಿದ್ದರ ಸೇಡು ಇದು ಅಂತ ಅವಳು ತೀರ್ಮಾನಿಸಿದಳು. ಆಮೇಲೆ ಬೆಳಿಗ್ಗೆ ನಮಸ್ಕಾರ ಹೇಳುವುದನ್ನೂ ಬಿಟ್ಟಳು.

ಏಳು ತಿಂಗಳು ಈ ಸಂಕಟವನ್ನೆಲ್ಲ ಅವಳು ತೋಡಿಕೊಂಡದ್ದು ಅವನ ಹತ್ತಿರವೇ. ಹೆಡ್ ಮೇಡಂಗೆ ಅವಳು ಹಿಡಿಶಾಪ ಹಾಕುತ್ತಿದ್ದರೆ ಅವನು ಆ ಕಡೆಯಿಂದ ಹೂಂ ಅನ್ನುತ್ತಿದ್ದ. ಹೋಗಲಿ ಬಿಡು, ಮನಸ್ಸಿಗೆ ಹಚ್ಚಿಕೋಬೇಡ ಅನ್ನುತ್ತಿದ್ದ. ಎಂಥ ತಾಳ್ಮೆಯ ಮನುಷ್ಯ, ನನ್ನ ಗೋಳನ್ನು ಎಷ್ಟು ಸಲ ಹೇಳಿದರೂ ಬೇಸರ ಮಾಡಿಕೊಳ್ಳಲ್ಲ ಅಂತ ಅಕ್ಕನ ಮುಂದೆ ಹೊಗಳಿದ್ದೂ ಹೊಗಳಿದ್ದೇ.

ಮಕ್ಕಳು ಬೂಟಿನ ಅಳತೆ ಕೊಡಲು ಹೋದಾಗ, ದೊಡ್ಡವರನ್ನು ಶಿಬಿರದ ಮೇಲ್ವಿಚಾರಕಿ ಆಫೀಸಿಗೆ ಕರೆದರು. ಕನ್ನಡಕ ಮೂಗಿನ ತುದಿಗಿಟ್ಟುಕೊಂಡು ಮಾತಾಡುವ ವಯಸ್ಸಾದ ಹೆಂಗಸು. ಅಲ್ಲಿ ಒಂದು ಪದ್ಧತಿ. ಪ್ರತಿ ತಂಡ ಹೊರಟ ಮೇಲೆ ಕಲಿಸಿದವರು ಒಂದು ರಿಪೋರ್ಟ್ ಬರೆಯಬೇಕು. ಒಂದು ಪ್ರತಿ ಶಾಲೆಗೆ ಹೋಗುತ್ತೆ, ಒಂದು ಅಲ್ಲೇ ಇರುತ್ತೆ. ಮರುವರ್ಷ ಅದೇ ಶಾಲೆ ಬಂದಾಗ ಅದನ್ನು ಗಟ್ಟಿಯಾಗಿ ಓದಿ, ಹಳೇ ತಪ್ಪು ಮತ್ತೆ ಆಗದ ಹಾಗೆ ಯಾವ ಮಕ್ಕಳ ಹಗ್ಗ ಯಾರ ಕೈಗೆ ಅಂತ ಹಂಚುತ್ತಾರೆ. ಹಿಂದಿನ ವರ್ಷ ಆಕೆ ರಜೆಯಲ್ಲಿದ್ದರು, ಹಾಗಾಗಿ ಅವಳಿಗೆ ಈ ಓದು ಹೊಸದು.

ಮೇಲ್ವಿಚಾರಕಿ ರಾಗವಾಗಿ ಓದಿದರು. ಮೂರನೇ ದಿನ ಕೆರೆಯ ನಡುವೆ ಮಂಜುಗಡ್ಡೆ ಸದ್ದು ಮಾಡಿತು. ಹಗ್ಗದ ಮುಂದಿದ್ದ ಶಿಕ್ಷಕಿ ಕೂತುಬಿಟ್ಟರು, ಹಿಂದೆ ಎಂಟು ಮಕ್ಕಳಿದ್ದರು. ಹತ್ತು ನಿಮಿಷ ಏಳಲಿಲ್ಲ. ಅವಳು ತಲೆ ತಗ್ಗಿಸಿದಳು. ನಡೆದದ್ದೇ ಹಾಗೆ, ಅದರಲ್ಲಿ ಸುಳ್ಳೇನಿತ್ತು?

ಆಮೇಲೆ ಕೊನೆಯ ಸಾಲು ಬಂತು. "ಚಿಕ್ಕಂದಿನಲ್ಲಿ ನೀರಿನ ತೊಟ್ಟಿಗೆ ಬಿದ್ದು, ಮೇಲೆ ಮುಚ್ಚಳ ಮುಚ್ಚಿಕೊಂಡಾಗಿನ ಭಯ ಇವರನ್ನು ಇನ್ನೂ ಬಿಟ್ಟಿಲ್ಲ. ಮಕ್ಕಳ ಹಗ್ಗ ಇವರ ಕೈಗೆ ಕೊಡಬಾರದು."

ಅವಳು ತಟ್ಟನೆ ತಲೆ ಎತ್ತಿದಳು. ಹೇಗೋ ತಾನೇ ಹತ್ತಿ ಬಂದು, ಒದೆ ಬೀಳುತ್ತೆ ಅಂತ ಹೆದರಿ, ಒದ್ದೆ ಲಂಗ ಬಚ್ಚಿಟ್ಟು, ಅಮ್ಮನಿಗೂ ಅಕ್ಕನಿಗೂ ಹೇಳದೆ ಇಪ್ಪತ್ತು ವರ್ಷ ನುಂಗಿಕೊಂಡಿದ್ದ ಮಾತು ಅದು. ಕೆರೆಯಿಂದ ಎಬ್ಬಿಸಿ ಕರೆತಂದವನ ಹತ್ತಿರ, ಅವನೊಬ್ಬನ ಹತ್ತಿರ, ಅತ್ತುಕೊಂಡು ಹೇಳಿದ್ದಳು. ನನ್ನಲ್ಲೇ ಇರುತ್ತೆ ಅಂತ ಅವನು ತಲೆ ಸವರಿದ್ದ. ಕೆಳಗೆ ಅವನದೇ ಸಹಿ.

ಪಿಟಿ ಸರ್ ಪಾಪ, ಬೆವರಿದರು. ಹೆಡ್ ಮೇಡಂ ಜವಾಬ್ದಾರಿ ಒಪ್ಪಿಸುವಾಗ ಈ ಹಾಳೆಯನ್ನೂ ಕೊಟ್ಟಿದ್ದರಂತೆ. ನಿಮಗೆ ಗೊತ್ತಿದೆ ಅಂದುಕೊಂಡಿದ್ದೆ ಮಿಸ್, ನೋವಾಗಬಾರದು ಅಂತ ಸುಮ್ಮನಿದ್ದೆ ಅಂದರು. ಅಂದರೆ ಊರಿಗೆಲ್ಲ ಗೊತ್ತು, ಅವಳಿಗೆ ಮಾತ್ರ ಗೊತ್ತಿಲ್ಲ! ಏಳು ತಿಂಗಳು ಹೆಡ್ ಮೇಡಂ ಎದುರು ಮುಖ ತಿರುಗಿಸಿ ನಡೆದದ್ದೆಲ್ಲ ನೆನಪಾಗಿ, ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಬೂಟಿನ ಕೋಣೆಯಲ್ಲಿ ಅವನೊಬ್ಬನೇ ಇದ್ದ, ಲೇಸು ಬಿಗಿಯುತ್ತಾ. ಅವಳನ್ನು ಕಂಡು ಅವನ ಮುಖ ಅರಳಿತು. ಆ ಮುಖ ನೋಡಿದ್ದೇ ಅವಳ ಸಿಟ್ಟು ಒಂದು ಗಳಿಗೆ ತಡವರಿಸಿತು. ಎಷ್ಟಾದರೂ ವರ್ಷವಿಡೀ ಕಾದ ಮುಖ.

"ರಿಪೋರ್ಟ್ ಓದಿದ್ರು," ಅಂದಳು.

ಅವನ ಕೈ ನಿಂತಿತು. ಯಾವ ರಿಪೋರ್ಟ್ ಅಂತ ಕೇಳಲಿಲ್ಲ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಬರೀಲೇಬೇಕಿತ್ತು. ನಿನ್ನ ಹಿಂದೆ ಎಂಟು ಮಕ್ಕಳಿದ್ರು."

"ಕೂತೆ ಅಂತ ಬರೆದದ್ದು ಸರಿ. ನಾನಾಗಿದ್ರೂ ಬರೀತಿದ್ದೆ. ತೊಟ್ಟಿ ವಿಷಯ ಯಾಕೆ ಬರೆದ್ರಿ?"

ಕೋಣೆಯಲ್ಲಿ ಮೂರನೆಯವರಿರಲಿಲ್ಲ. ಆದರೂ ಅವಳು ಬಹುವಚನದಲ್ಲೇ ಮಾತಾಡಿದಳು. ಅವನಿಗೆ ಅದು ನಾಟಿತು ಅಂತ ಕಣ್ಣಲ್ಲೇ ಗೊತ್ತಾಯಿತು.

"ಕಾರಣ ಬರೀದಿದ್ರೆ ನಿನ್ನನ್ನ ಪುಕ್ಕಲಿ ಅಂದ್ಕೊಳ್ತಾರೆ ಅನ್ನಿಸ್ತು," ಅಂದ. "ನಿನ್ನ ಮಾನ ಉಳಿಸ್ತಿದೀನಿ ಅಂದ್ಕೊಂಡೆ."

ಉಳಿಸಿದ್ದು ಚೆನ್ನಾಗಿದೆ! ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಈ ಮನುಷ್ಯನಿಗೆ ಕೆಟ್ಟ ಬುದ್ಧಿ ಇಲ್ಲ, ಅದೇ ದೊಡ್ಡ ಸಂಕಟ. ಕೆಟ್ಟವನಾಗಿದ್ದರೆ ಎರಡು ಬೈದು ಬಿಟ್ಟುಬಿಡಬಹುದಿತ್ತು.

"ಇರ್ಲಿ, ಅದನ್ನೂ ಹೊಟ್ಟೆಗೆ ಹಾಕ್ಕೋತೀನಿ. ಏಳು ತಿಂಗಳು ನಾನು ಹೆಡ್ ಮೇಡಂಗೆ ಬೈದೆನಲ್ಲ, ಆಗ ಬಾಯಿಗೆ ಏನಾಗಿತ್ತು? ಒಂದು ದಿನ, ಅವರದಲ್ಲ ತಪ್ಪು, ನಾನೇ ಬರೆದೆ ಅಂತ ಹೇಳೋಕಾಗಲಿಲ್ವಾ?"

ಅವನು ಟೋಪಿ ತಿರುಗಿಸುತ್ತಲೇ ಇದ್ದ. "ಹೇಳಿದ್ರೆ ನೀನು ಈ ಚಳಿಗಾಲ ಬರಲ್ಲ ಅಂತ ಹೆದರಿದೆ," ಅಂದ ಕೊನೆಗೆ.

ಹೊರಗೆ ಮಕ್ಕಳು ಹಿಮದುಂಡೆ ಎಸೆದಾಡುವ ಗದ್ದಲ. ಯಾರೋ ಹುಡುಗಿ ಮಿಸ್ ಮಿಸ್ ಅಂತ ದೂರು ತಂದಳು. ಅವಳು ಮುಖ ಒರೆಸಿಕೊಂಡು ನ್ಯಾಯ ತೀರಿಸಲು ಹೋದಳು.

ಎರಡು ದಿನ ಕಣ್ಣಿಗೆ ಕಣ್ಣು ಸೇರದ ಹಾಗೆ ನೋಡಿಕೊಂಡಳು. ಊಟಕ್ಕೆ ಅವನು ಬಂದರೆ ಅವಳು ಎದ್ದಳು. ಅವನು ಬಿಸಿ ಹಾಲಿನ ಲೋಟ ಅವಳ ಮುಂದಿಟ್ಟು ಹೋದ, ಅವಳು ಅದನ್ನು ಪಿಟಿ ಸರ್ ಕಡೆ ತಳ್ಳಿದಳು. ಅವರಿಗೆ ಹಾಲು ಕಂಡರೆ ಆಗದು, ಆದರೂ ಪಾಪ ಕುಡಿದರು.

ಮೂರನೇ ದಿನ ಮಕ್ಕಳು ಕೆರೆಗಿಳಿದರು. ಅವಳು ದಂಡೆಯ ಮೇಲೆ ಥರ್ಮಾಸ್ ಹಿಡಿದು ನಿಂತಿದ್ದಳು. ಮಂಜುಗಡ್ಡೆಯ ಮೇಲೆ ಮಾತು ಬಹಳ ದೂರ ಕೇಳಿಸುತ್ತದೆ. ನಡುವೆ ಒಬ್ಬ ಹುಡುಗಿ, ಕ್ಲಾಸಿನ ವಾಚಾಳಿ, ಹೆದರಿ ಕೂತುಬಿಟ್ಟಳು. ಗಂಟು ಮಾಸ್ತರ್ ಅವಳ ಪಕ್ಕ ಹೋಗಿ, ಆರಾಮಾಗಿ ಮನೆ ಜಗಲಿಯ ಮೇಲೆ ಕೂತವನ ಹಾಗೆ ಕೂತ.

"ಎಡಗಾಲಿನ ಹೆಬ್ಬೆರಳು ಎಲ್ಲಿದೆ ಹೇಳು ನೋಡೋಣ," ಅಂದ. "ಅಲ್ಲಾಡಿಸು. ಸಿಕ್ತಾ? ಅದು ಇದ್ದಲ್ಲೇ ಇದೆ ಅಂದ್ರೆ ನೀನೂ ಇದೀಯ."

ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಹೋದ ವರ್ಷ ಕೂತುಬಿಟ್ಟಿದ್ದ ಮಿಸ್‌ಗೂ ಹೀಗೇ ಹೇಳಿದ್ದ. ಅದು ತನಗೊಬ್ಬಳಿಗೇ ಹುಟ್ಟಿದ ಮಾತು ಅಂತ ವರ್ಷವಿಡೀ ಜೋಪಾನ ಮಾಡಿದ್ದಳು, ನಿದ್ದೆ ಬಾರದಾಗ ಹೆಬ್ಬೆರಳು ಅಲ್ಲಾಡಿಸಿ ನಕ್ಕಿದ್ದಳು. ಅದು ಅವನ ಕಸುಬಿನ ಮಾತು, ಹೆದರಿದವರಿಗೆಲ್ಲ ಹೇಳೋ ಮಾತು. ಹುಡುಗಿ ಎದ್ದು ನಡೆದಳು. ಮಕ್ಕಳ ಮಟ್ಟಿಗೆ ಇಂಥ ಮನುಷ್ಯ ಸಿಗುವುದಿಲ್ಲ ಅಂತ ಅವಳ ಮನಸ್ಸೇ ಹೇಳಿತು, ಅದಕ್ಕೇ ಸಿಟ್ಟು ಇನ್ನೂ ಹೆಚ್ಚಾಯಿತು.

ಮರುದಿನ ಹೊರಡುವಾಗ ಮಕ್ಕಳೆಲ್ಲ ಬಸ್ ಹತ್ತಿದರು. ಅವನು ಕೊನೆಯ ಬ್ಯಾಗು ಡಿಕ್ಕಿಗೆ ಹಾಕಿ, ಎರಡು ಹೆಜ್ಜೆ ದೂರದಲ್ಲೇ ನಿಂತ. ಮುಖ ಇಳಿದುಹೋಗಿತ್ತು. ಮೂರು ದಿನದಿಂದ ಸರಿಯಾಗಿ ನಿದ್ದೆ ಮಾಡಿದವನ ಹಾಗೆ ಕಾಣಲಿಲ್ಲ.

"ನಾನು ಉತ್ತರ ಕೇಳಲ್ಲ," ಅಂದ. "ಕೇಳೋ ಮುಖ ಇಲ್ಲ."

"ನೀನು ಕೇಳದಿದ್ರೂ ಹೇಳ್ತೀನಿ. ಗೊತ್ತಿದ್ದೂ ಬಚ್ಚಿಡೋದು ನನ್ನ ಕೈಲಾಗಲ್ಲ." ಅವಳು ಅವನ ಮುಖವನ್ನೇ ನೋಡಿದಳು. "ಹೌದು ಅನ್ನೋಕೆ ಬಂದಿದ್ದೆ ಕಣೋ. ಹೋದ ವರ್ಷವೇ ಹೌದು ಅಂದಾಗಿತ್ತು."

"ಈಗ?" ಅಂದ ಅವನು.

"ಈಗ ನಿನಗೆ ಏನು ಹೇಳಬೇಕಾದ್ರೂ, ಇದು ಯಾರ ಕಿವಿಗೆ ಹೋಗುತ್ತೋ ಅಂತ ಮೊದಲು ಯೋಚಿಸ್ತೀನಿ. ನಾನು ಬೈಯೋವಾಗ ನೀನು ಹೂಂ ಅಂದ್ರೆ, ಒಳಗೇನು ಬಚ್ಚಿಟ್ಟಿದಾನೋ ಅಂತ ಯೋಚಿಸ್ತೀನಿ. ಹಾಗೆ ಒಂದು ಮನೇಲಿ ಹೇಗೆ ಬದುಕೋದು, ನೀನೇ ಹೇಳು."

ಒಂದೇ ಒಂದು ಸಲ ಅವನ ಕೈ ಮುಂದೆ ಬಂತು, ಅವಳ ಕೈಗವಸಿನವರೆಗೆ ಬಂದು ಹಿಂದೆ ಹೋಯಿತು. ಅವಳಿಗೂ ಆ ಕೈ ಹಿಡಿದುಕೊಳ್ಳಬೇಕು ಅನ್ನಿಸಿತು, ತುಂಬಾ ಅನ್ನಿಸಿತು. ಹಿಡಿಯಲಿಲ್ಲ. ಮೆಟ್ಟಿಲು ಹತ್ತಿ ಒಳಗೆ ಹೋದಳು.

ಬಸ್ಸು ಹೊರಟಿತು. ಅವಳು ಮಕ್ಕಳ ತಲೆ ಎಣಿಸಿದಳು, ತಪ್ಪಿತು, ಮತ್ತೆ ಎಣಿಸಿದಳು. ಪಿಟಿ ಸರ್ ಏನೂ ಕೇಳದೆ ಕಿಟಕಿ ಪಕ್ಕದ ಸೀಟು ಬಿಟ್ಟುಕೊಟ್ಟು, ಹಿಂದೆ ತಿರುಗಿ ಮಕ್ಕಳಿಗೆ ಹಾಡು ಶುರು ಮಾಡಿ ಅಂದರು. ಆ ಗದ್ದಲದಲ್ಲಿ ಅವಳು ಮನಸಾರೆ ಅತ್ತಳು.

ಸೋಮವಾರ ಮೊದಲ ಪೀರಿಯಡ್‌ಗೆ ಮುಂಚೆ ಹೆಡ್ ಮೇಡಂ ರೂಮಿಗೆ ಹೋಗಿ ತಪ್ಪಾಯ್ತು ಅನ್ನಬೇಕು, ಅಷ್ಟು ಗೊತ್ತಿತ್ತು. ಅಮ್ಮನಿಗೂ ಅಕ್ಕನಿಗೂ ತೊಟ್ಟಿಯ ವಿಷಯ ತಾನೇ ಹೇಳಬೇಕು, ಬೇರೆಯವರ ಬಾಯಿಂದ ಅವರಿಗೆ ತಿಳಿಯುವ ಮೊದಲು. ಫೋನು ತೆಗೆದಳು. ಅಕ್ಕ ಒಂದೇ ರಿಂಗಿಗೆ ಎತ್ತಿ, ಏನಂದ ಅಂತ ನಗುತ್ತಾ ಕೇಳಿದಳು.

"ಅಕ್ಕಾ," ಅಂದಳು ಅವಳು, "ಅವನು ಏನೂ ಅನ್ನಲಿಲ್ಲ ಕಣೇ. ಒಂದು ವರ್ಷದಿಂದ ಏನೂ ಅಂದಿರಲಿಲ್ಲ."